ಹೆಸರು ಹಿಡಿದು ಕರೆಯದೆ ಏಳದ ಕಂಪ್ಯೂಟರಿಗೆ

ರಾಮದುರ್ಗದ ಲಗ್ನಪತ್ರಿಕೆ ಅಂಗಡಿಯ ಮೂಲೆಮೇಜಿನಲ್ಲಿ ವಿರಾಜಮಾನರಾಗಿರುವ, ಯುನಿಕ್ಸ್ ವಂಶದಲ್ಲಿ ಜನಿಸಿದ ಕಂಪ್ಯೂಟರ್ ಮಹಾಶಯರಿಗೆ, ಎದುರಿನ ಸ್ಟೂಲಿನ ಮೇಲೆ ಕುಳಿತ ಶೈಲಜಾ ಮಾಡುವ ಶರಣಾರ್ಥಿಗಳು.

ಮಾನ್ಯರೇ,

ಈಗ ಸಂಜೆ ಏಳು ಗಂಟೆ. ಬೆಳಿಗ್ಗೆ ತಮ್ಮ ಧೂಳು ಒರೆಸಿ, ಹಣೆಯಂತೆ ಕಂಡ ಜಾಗಕ್ಕೆ ವಿಭೂತಿ ಹಚ್ಚಿ, ಊದುಬತ್ತಿ ಬೆಳಗಿ ಕುಳಿತವಳು ಮಧ್ಯಾಹ್ನ ರೊಟ್ಟಿ ತಿನ್ನಲು ಮಾತ್ರ ಎದ್ದಿದ್ದೆ. ದಿನದ ಹೆಚ್ಚಿನ ಹೊತ್ತು ನಡೆದದ್ದು ಇಷ್ಟೇ: ನಾನು ಕೇಳಿದೆ, ತಾವು ಇಲ್ಲವೆಂದಿರಿ.

ಈ ಅಂಗಡಿಯನ್ನು ನಮ್ಮ ಯಜಮಾನರು ನಡೆಸುತ್ತಿದ್ದರು. ಯುಗಾದಿಗೆ ಮುಂಚೆ ಅವರು ತೀರಿಕೊಂಡರು. ಮೈದುನ ಶಿವಲಿಂಗನಿಗೆ ತಮ್ಮನ್ನು ಮುನವಳ್ಳಿಯ ಯಾರಿಗೋ ಮಾರಿ, ಅಂಗಡಿ ಮುಚ್ಚುವ ಮನಸ್ಸು. "ವೈನಿ, ನಿಮಗ ಅದರ ಬಾಗಲಾ ತಗಿಯಾಕ ಬರಂಗಿಲ್ಲ, ಇನ್ನ ಒಳಗ ಹೋಗಿ ಏನ್ ಮಾಡ್ತೀರಿ?" ಎನ್ನುತ್ತಾನೆ. ತೊರಗಲ್ಲಿನ ಮಡಿವಾಳೆಪ್ಪನವರ ಮಗಳ ಲಗ್ನಪತ್ರಿಕೆಯನ್ನು ಇವತ್ತು ಸಂಜೆಯೊಳಗೆ ನಾನೇ ಮಾಡಿ ತೋರಿಸಿದರೆ ಅಂಗಡಿ ಉಳಿಯುತ್ತದೆ, ಇಲ್ಲವಾದರೆ ಅವನ ಮಾತು ನಡೆಯುತ್ತದೆ ಎಂದು ನಮ್ಮಲ್ಲಿ ತೀರ್ಮಾನವಾಗಿತ್ತು.

ತಮ್ಮ ಅಚ್ಚುಕಟ್ಟುತನವನ್ನು ಮೊದಲು ಹೊಗಳಬೇಕು. ಹೋದ ವಾರ ರಿಪೇರಿಯವರು ತಮ್ಮಲ್ಲಿ ನನಗೊಂದು ಹೊಸ ಖಾತೆ ತೆರೆದುಕೊಟ್ಟ ಕೂಡಲೇ, ಯಜಮಾನರ ಕಾಲದಲ್ಲಿ ಪರದೆಯ ತುಂಬ ಇದ್ದ ಚಿತ್ರಗಳನ್ನೆಲ್ಲ ಒಳಗೆ ಸೇರಿಸಿ, ಬೀಗರು ಹೋದ ಮೇಲಿನ ಪಡಸಾಲೆಯಂತೆ ಚೊಕ್ಕಟ ಮಾಡಿಟ್ಟಿರಿ. ಪತ್ರಿಕೆ ಮಾಡುವ ಪ್ರೋಗ್ರಾಮು ಕಾಣದಿದ್ದುದರಿಂದ ಅದು ಹೋಗಿದೆಯೆಂದೇ ತಿಳಿದು ಮತ್ತೆ ಇನ್‌ಸ್ಟಾಲ್ ಮಾಡಲು ಹೋದೆ. ಅದು ಈಗಾಗಲೇ ಇದೆ ಎಂದಿರಿ. ಎಲ್ಲಿದೆ ಎಂದು ಮಾತ್ರ ಹೇಳಲಿಲ್ಲ. ಮನೆಯಲ್ಲಿ ಇದ್ದೂ ಕೈಗೆ ಸಿಗದಿರುವ ವಿದ್ಯೆಯನ್ನು ಕೆಲವು ಗಂಡಸರು ಬಹಳ ಕಷ್ಟಪಟ್ಟು ಕಲಿಯುತ್ತಾರೆ. ತಮಗದು ಹುಟ್ಟಿನಿಂದಲೇ ಬಂದಿದೆ.

ಕೆಳಮೂಲೆಯ ಮೆನು ಒತ್ತಿದೆ. ಹೊಟ್ಟೆಪಾಡಿನ ಕೆಲಸವಲ್ಲವೇ ಎಂದು 'ಕಚೇರಿ' ಎಂಬ ಗುಂಪಿನಲ್ಲಿ ಹುಡುಕಿದೆ. ಲಗ್ನದ ವಿಷಯವಾದ್ದರಿಂದ 'ಆಟಗಳು' ಎಂಬಲ್ಲಿಯೂ ಇಣುಕಿದೆ. ಅಲ್ಲಿ ಇಸ್ಪೀಟು ಇತ್ತು. 'ಗ್ರಾಫಿಕ್ಸ್' ಎಂಬಲ್ಲಿ ಇದ್ದವನ್ನು ಒಂದೊಂದಾಗಿ ತೆರೆದರೂ ಬರಿ ಬಿಳಿ ಹಾಳೆ ಬಂತೇ ಹೊರತು ಯಜಮಾನರು ಕೂಡಿಸಿಟ್ಟ ಅಕ್ಷರ, ಅಂಚು, ಬಾಸಿಂಗದ ಚಿತ್ರ ಬರಲಿಲ್ಲ.

ಆಗ ಪಕ್ಕದ ಬಳೆ ಅಂಗಡಿಯ ದೇವಕ್ಕ ಇಣುಕಿ, "ನಿನ್ನ ಗಂಡ ಕರೀ ಕಿಡಕಿ ತಗದು ತನ್ನ ಹೆಸರ ಬಡೀತಿದ್ದಲ್ಲಬೇ, ಮರತೇನ?" ಎಂದಳು. ಮರೆತಿರಲಿಲ್ಲ, ಆ ದಾರಿ ಬೇಡವೆಂದೇ ಇಷ್ಟೆಲ್ಲ ಸುತ್ತಿದ್ದೆ. ಟರ್ಮಿನಲ್ ಎಂಬ ಆ ಕರಿ ಕಿಟಕಿಯಲ್ಲಿ ಹೆಸರು ಬರೆದು ಎಂಟರ್ ಒತ್ತಿದರೆ ಆ ಹೆಸರಿನ ಕೆಲಸ ಎದ್ದು ಬರುತ್ತದೆ. ಪತ್ರಿಕೆಯ ಕೆಲಸಕ್ಕೆ ಯಜಮಾನರು ಸ್ವಂತ ಹೆಸರನ್ನೇ ಇಟ್ಟಿದ್ದರು. "ನೀ ಅಂತೂ ನನ್ನ ಹೆಸರ ಹಿಡದು ಕರೆಯಂಗಿಲ್ಲ, ಇದರಾಗರ ಕರಿ" ಎಂದು ನಗುತ್ತಿದ್ದರು.

ತಮ್ಮ ವಂಶದಲ್ಲಿ ಹೇಗೋ ತಿಳಿಯದು, ನಮ್ಮ ಕಡೆ ಹೆಂಡತಿ ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಹೆಸರನ್ನು ಸುತ್ತಿ ಹೇಳುತ್ತಾಳೆ. ಈಗ ನನಗೆ ಒಡಪು ಹೇಳೆಂದು ಯಾರೂ ಕಾಡುವುದಿಲ್ಲ. ಹೆಸರು ಕೇಳಿದವರು ತಾವೊಬ್ಬರೇ. ಆದ್ದರಿಂದ ಇಂಗ್ಲಿಷ್ ಅಕ್ಷರಗಳಲ್ಲಿ ಕ್ರಮಬದ್ಧವಾಗಿಯೇ ಬರೆದೆ:

ತೊರಗಲ್ ಕೋಟಿ ಮ್ಯಾಲ ಗಿಳಿವಿಂಡು ನೋಡಿ
ಗೌರೀಶರ ಹೆಸರ ಹೇಳತೇನಿ ದೀಪಕ್ಕ ಎಣ್ಣಿ ನೀಡಿ.

'ತೊರಗಲ್' ಸಿಗಲಿಲ್ಲ ಎಂದು ಉತ್ತರಿಸಿದಿರಿ. ಗುಡ್ಡದ ಮೇಲಿನ ಅಷ್ಟು ದೊಡ್ಡ ಕೋಟೆ ದನ ಕಾಯುವವರಿಗೂ ಕಾಣುತ್ತದೆ. ತಮಗೆ ಸಿಗದಿದ್ದುದು ತಮ್ಮ ದೃಷ್ಟಿ ಇನ್ನೂ ಎತ್ತರದಲ್ಲಿರುವುದರಿಂದಲೇ ಇರಬೇಕು. ಪದ್ಯ ಬಿಟ್ಟು 'ಗೌರೀಶರು' ಎಂದು ಮರ್ಯಾದೆ ಕೊಟ್ಟು ಕರೆದೆ. ಅಂಥವರಿಲ್ಲ ಎಂದಿರಿ. ಅದು ನನಗೂ ಗೊತ್ತಿರುವ ಸಂಗತಿ.

ಆದಕಾರಣ ತಮ್ಮಲ್ಲಿ ವಿನಂತಿಸುವುದೇನೆಂದರೆ, ಇನ್ನು ಮುಂದೆ ಒಡಪನ್ನು ಆಜ್ಞೆಯೆಂದು ಸ್ವೀಕರಿಸಬೇಕು. 'ನಮ್ಮವರು' ಎಂದರೂ, 'ಏನ್ರೀ' ಎಂದರೂ ಏಳಬೇಕು. ಒಲೆಯ ಮುಂದೆ ಪಾತ್ರೆಯನ್ನು ತುಸು ಜೋರಾಗಿ ಇಟ್ಟರೆ ಯಾರನ್ನು ಕರೆಯುತ್ತಿದ್ದಾರೆಂದು ತಾವೇ ಅರಿಯಬೇಕು. ನಮ್ಮ ಯಜಮಾನರು ಇಷ್ಟನ್ನೂ ಯಾವ ಇನ್‌ಸ್ಟಾಲೂ ಇಲ್ಲದೆ ಮಾಡುತ್ತಿದ್ದರು.

ಕಡೆಗೆ ದೇವಕ್ಕನನ್ನು ಅವಳ ಅಂಗಡಿಗೆ ಕಳಿಸಿ, ಬಾಗಿಲು ಮುಂದೆ ಮಾಡಿ, ಬರಿಯ ಹೆಸರನ್ನು ಬರೆದೆ. ಮುಂದೆ ಶ್ರೀ ಇಲ್ಲ, ಹಿಂದೆ ಬಹುವಚನವಿಲ್ಲ. ಎಂಟರ್ ಒತ್ತುವ ಮೊದಲು ಬಾಯಿಂದಲೂ ಒಮ್ಮೆ ಹೇಳಿದೆ. ತಾವು ತಕ್ಷಣ ತೆರೆದುಕೊಂಡಿರಿ. ಅಕ್ಷರ, ಅಂಚು, ಬಾಸಿಂಗ ಎಲ್ಲವೂ ಅವರು ಇಟ್ಟಲ್ಲಿಯೇ ಇದ್ದವು. ಪತ್ರಿಕೆ ಅಚ್ಚಾಯಿತು. ಶಿವಲಿಂಗ ಬಂದು, ಕನ್ನಡಕ ಹಾಕಿಕೊಂಡು, ವರನ ಊರಿನಿಂದ ಮುಹೂರ್ತದವರೆಗೆ ತಪ್ಪು ಹುಡುಕಿ, ಸಿಗದೆ, ಚಹಾ ಕುಡಿದು ಹೋದ.

ಇಷ್ಟು ಕಾಡಿಸಿದ ಮೇಲೂ ತಮ್ಮನ್ನು ಮಾರದೆ ಉಳಿಸಿಕೊಂಡ,
ತಮ್ಮ ವಿಶ್ವಾಸಿ
ಶೈಲಜಾ

ತಾ.ಕ.: ಒಂದೇ ಹೆಸರನ್ನು ಎಷ್ಟು ಸಲ ಕರೆದರೆ ತಾವು ಅಷ್ಟು ಕಿಟಕಿ ತೆರೆಯುತ್ತೀರೆಂದು ಶಿವಲಿಂಗ ಹೋದ ಮೇಲೆ ತಿಳಿಯಿತು. ಕೆಲಸ ಮುಗಿದ ಮೇಲೂ ನಾನು ಕರೆಯುತ್ತಲೇ ಇದ್ದುದರಿಂದ ತಮಗೆ ಉಬ್ಬಸ ಹತ್ತಿದೆ ಎಂದು ಕಾಣುತ್ತದೆ. ದೂರು ಇದ್ದರೆ ಬರೆದು ಕೊಡಿ. ತಾವು ನನಗೆ ಉತ್ತರಿಸಿದಷ್ಟೇ ಚುರುಕಾಗಿ ನಾನೂ ಉತ್ತರಿಸುತ್ತೇನೆ. ನಾಳೆ ಒಂಬತ್ತಕ್ಕೆ ಅಂಗಡಿ ತೆಗೆಯುತ್ತೇನೆ.