ನನ್ನ ಗೇಣು ಮತ್ತು ಹದಿನೆಂಟು ಹೀಟ್ ಪಂಪುಗಳು

"ಆ ಮನೇಲಿ ಮಾವ ಅಳೆದು ಮಾತಾಡ್ತಾರೆ, ಅಳಿಯ ಮಾತಾಡಿ ಅಳೀತಾನೆ" ಎಂದು ನಮ್ಮ ಕಟ್ಟಡದವರು ನಮ್ಮಿಬ್ಬರ ಬಗ್ಗೆ ಹೇಳುತ್ತಿದ್ದರು. ಆಡುವವರ ಬಾಯಿಗೆ ಅಡ್ಡ ನಿಲ್ಲುವವರು ಯಾರು? ನಿಜ ಹೇಳಿಬಿಡುತ್ತೇನೆ, ಅದನ್ನು ಹೊಗಳಿಕೆ ಎಂದೇ ತಿಳಿದಿದ್ದೆ.

ಮಾವ ಎಂದರೆ ನನ್ನ ಹೆಂಡತಿಯ ಅಪ್ಪ. ಐವತ್ತು ವರ್ಷ ದರ್ಜಿ ಕೆಲಸ ಮಾಡಿದವರು. ಅತ್ತೆ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ ನಮ್ಮಲ್ಲಿಗೆ ಬಂದರು. ಅಂಗಡಿ ಮುಚ್ಚಿದರೂ ಟೇಪು ಮಾತ್ರ ಕೊರಳಿಂದ ಇಳಿಯಲಿಲ್ಲ. ಮನೆಗೆ ಬಂದವರ ಮುಖಕ್ಕಿಂತ ಮೊದಲು ಭುಜ ನೋಡುವ ಜೀವ ಅದು. ನನ್ನ ಮದುವೆಯ ಕೋಟಿಗೆ ಅಳತೆ ತೆಗೆಯುವಾಗ, "ಎಡ ಭುಜ ಅರ್ಧ ಇಂಚು ಇಳಿಜಾರು" ಎಂದು ನೆಂಟರೆಲ್ಲರ ಎದುರು ಗಟ್ಟಿಯಾಗಿ ಓದಿ ಬರೆಸಿದ್ದರು. ಅಂದಿನಿಂದ ನನಗೂ ಟೇಪಿಗೂ ಎಣ್ಣೆ ಸೀಗೆಕಾಯಿ.

ಹೋದ ವರ್ಷ ಚಳಿಗೆ ಮುಂಚೆ ನಮ್ಮ ಹದಿನೆಂಟು ಮನೆಗಳ ಕಟ್ಟಡಕ್ಕೆ ಹೊಸ ಯೋಗ ಬಂತು. ನೆಲಮಾಳಿಗೆಯ ಮುದಿ ಬಾಯ್ಲರು ಕೆಮ್ಮಿ ಕೆಮ್ಮಿ ಕೊನೆಯುಸಿರಿನಲ್ಲಿತ್ತು. ಅದನ್ನು ಕಿತ್ತುಹಾಕಿ ನೆಲದೊಳಗಿನ ಬಿಸಿಯನ್ನೇ ಮೇಲಕ್ಕೆ ತರುವುದೆಂದು ಸಂಘದ ಸಭೆಯಲ್ಲಿ ತೀರ್ಮಾನವಾಯಿತು. ಸೈಕಲ್ ನಿಲ್ಲಿಸುವ ಅಂಗಳದಲ್ಲಿ ಆಳವಾಗಿ ಕೊರೆದು ಕೊಳವೆ ಇಳಿಸುವುದು, ಕೊಳವೆಯ ನೀರು ಕೆಳಗೆ ಹೋಗಿ ಭೂಮಿಯ ಬೆಚ್ಚಗನ್ನು ಹೊತ್ತು ಮನೆಮನೆಗೆ ಬರುವುದು. ಪ್ರತಿ ಮನೆಯ ಕಪಾಟಿನಲ್ಲೂ ಬೀರುವಿನಷ್ಟು ಎತ್ತರದ ಒಂದು ಹೀಟ್ ಪಂಪು ಕೂತು ಆ ಬೆಚ್ಚಗನ್ನು ಕಾವೇರಿಸಿ ಗೋಡೆಯ ರೇಡಿಯೇಟರಿಗೂ ಬಚ್ಚಲಿನ ನಲ್ಲಿಗೂ ಕಳಿಸುವುದು. ಕೇಳಿ ನನಗೆ ರೋಮಾಂಚನವಾಯಿತು. ಕಾಲ ಕೆಳಗೇ ಒಲೆ ಇಟ್ಟುಕೊಂಡು ಇಷ್ಟು ವರ್ಷ ನಡುಗಿದೆವಲ್ಲ!

ಕೆಲಸದ ಮುಖ್ಯಸ್ಥೆಯನ್ನು ಎಲ್ಲರೂ ಫಿಟ್ಟರಮ್ಮ ಎಂದೇ ಕರೆಯುತ್ತಿದ್ದೆವು. ಮಾತು ಕಡಿಮೆ, ಸ್ಪಾನರ್ ಜಾಸ್ತಿ. ಪಂಪು ಗಿಡ್ಡದು, ಎತ್ತರದ್ದು ಎಂದು ಎರಡು ಬಗೆ. ಎತ್ತರದ್ದರಲ್ಲಿ ಬಿಸಿನೀರು ಹೆಚ್ಚು. ಯಾವ ಮನೆಗೆ ಯಾವುದು ಹಿಡಿಸುತ್ತದೆಂದು ಶುಕ್ರವಾರದೊಳಗೆ ಕಪಾಟುಗಳ ಅಳತೆ ಬೇಕು, ನಾನು ಕೊರೆಯುವುದರಲ್ಲಿ ಮುಳುಗಿದ್ದೇನೆ, ನಿಮ್ಮಲ್ಲೇ ಯಾರಾದರೂ ತೆಗೆದು ಸಹಿ ಮಾಡಿ ಕೊಡಿ ಎಂದರು ಫಿಟ್ಟರಮ್ಮ. ಸಭೆಯಲ್ಲಿ ಮೊದಲು ಎದ್ದು ನಿಂತವನು ಯಾರು? ಇನ್ಯಾರು! ಹದಿನೆಂಟು ಮನೆಯನ್ನೂ ಒಬ್ಬನೇ ಅಳೆದು ಕೊಡುತ್ತೇನೆಂದು ಎದೆ ತಟ್ಟಿದೆ.

ಮನೆಗೆ ಬಂದಾಗ ಮಾವ ಕೊರಳಿನ ಟೇಪು ತೆಗೆದು ಮುಂದೆ ಹಿಡಿದರು. ಬೇಡವೆಂದು ಕೈಯೆತ್ತಿದೆ.

"ಮಾವ, ದೇವರು ಮನುಷ್ಯನಿಗೆ ಕೈ ಕೊಟ್ಟಿರೋದು ಯಾಕೆ?"

"ಟೇಪು ಹಿಡಿಯೋಕೆ."

ಆ ಮಾತನ್ನು ಕಿವಿಗೆ ಹಾಕಿಕೊಳ್ಳದೆ ಹೊರಟೆ. ನಮ್ಮ ತಾತ ಗೇಣಿನಲ್ಲೇ ಮನೆ ಕಟ್ಟಿಸಿದವರು. ಒಂದು ಗೇಣಿಗೆ ಒಂಬತ್ತು ಇಂಚು ಎಂದು ಶಾಲೆಯ ಪುಸ್ತಕದಲ್ಲೇ ಇದೆ. ಮನೆಮನೆಗೆ ಹೋಗಿ, ಕಪಾಟಿನೊಳಗೆ ತಲೆ ತೂರಿಸಿ, ಕೆಳಗಿನಿಂದ ಮೇಲಕ್ಕೆ ಗೋಡೆ ಹತ್ತುವ ಹಲ್ಲಿಯಂತೆ ಬೆರಳಾಡಿಸಿದೆ. ಎಲ್ಲ ಕಡೆಯೂ ಎಂಟು ಗೇಣು. ಎಂಟೊಂಬತ್ತಲ ಎಪ್ಪತ್ತೆರಡು, ಅಂದರೆ ಆರಡಿ. ಹಾಳೆಯಲ್ಲಿ ಗೇಣಿನ ಸುದ್ದಿಯೇ ಎತ್ತದೆ ಹದಿನೆಂಟು ಸಲ "ಆರು ಅಡಿ" ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದು ಸಹಿ ಹಾಕಿದೆ. ಫಿಟ್ಟರಮ್ಮ ನೋಡಿ, ಇಷ್ಟು ಚೊಕ್ಕವಾದ ಹಾಳೆ ಯಾರೂ ಕೊಟ್ಟಿರಲಿಲ್ಲ ಎಂದರು. ಮೂರು ದಿನ ನಾನು ನೆಲದ ಮೇಲೆ ನಡೆಯಲಿಲ್ಲ.

ಹಳೆಯ ಬಾಯ್ಲರನ್ನು ತುಂಡು ತುಂಡು ಮಾಡಿ ಸಾಗಿಸಿದ ಮರುದಿನವೇ ಹದಿನೆಂಟು ಎತ್ತರದ ಪಂಪುಗಳು ಲಾರಿಯಿಂದ ಇಳಿದವು. ಮೊದಲನೆಯದನ್ನು ನೆಲಮಹಡಿಯ ಮನೆಗೆ ತಳ್ಳಿಕೊಂಡು ಹೋದರು. ಕಪಾಟಿನ ಬಾಯಿಗೆ ಹೋಗಿ ಪಂಪಿನ ತಲೆ ಢಬ್ ಎಂದು ನಿಂತಿತು. ಓರೆ ಮಾಡಿ ನೋಡಿದರು. ಹಿಂದಕ್ಕೆಳೆದು ಮತ್ತೆ ತಳ್ಳಿದರು. ಪಕ್ಕದ ಮನೆಗೆ ಹೋದರು, ಅಲ್ಲೂ ಅದೇ ಢಬ್. ನಾಲ್ಕನೆಯ ಮನೆಯ ಹೊತ್ತಿಗೆ ಫಿಟ್ಟರಮ್ಮ ಪಂಪನ್ನು ಬಿಟ್ಟು ನನ್ನನ್ನು ನೋಡತೊಡಗಿದರು.

ಯಾವುದರಲ್ಲಿ ಅಳೆದಿರಿ ಎಂದು ಕೇಳಿದರು. ನಾನು ಬಲಗೈ ಅಗಲಿಸಿ ತೋರಿಸಿದೆ. ಅವರು ಸ್ಪಾನರನ್ನು ಚೀಲಕ್ಕೆ ಹಾಕಿಕೊಂಡರು. ಬೈದಿದ್ದರೆ ವಾಸಿಯಾಗಿತ್ತು.

ಮಾವ ಬಂದು ನನ್ನ ಹೆಬ್ಬೆರಳಿನಿಂದ ಕಿರುಬೆರಳಿಗೆ ಟೇಪು ಹಿಡಿದು, ಡಾಕ್ಟರು ಜ್ವರ ಹೇಳುವ ದನಿಯಲ್ಲಿ ಹೇಳಿದರು: "ಎಂಟೂವರೆ. ಗೇಣಿಗೆ ಅರ್ಧ ಇಂಚು ಹೋಯ್ತು. ಎಂಟು ಗೇಣಿಗೆ ನಾಲ್ಕಿಂಚು."

ಕಪಾಟು ಐದಡಿ ಎಂಟು ಇಂಚು. ಪಂಪು ಐದಡಿ ಹನ್ನೊಂದು. ಮೂರಿಂಚಿಗೆ ಇಡೀ ಕಟ್ಟಡ ತಣ್ಣಗಾಯಿತು. ಗಿಡ್ಡ ಪಂಪು ಬರಲು ಆರು ವಾರವಂತೆ. ಬಾಗಿಲ ಬಳಿಯ ಹಾದಿಯಲ್ಲಿ ಹದಿನೆಂಟೂ ಪಂಪುಗಳು, ಒಳಗೆ ಬನ್ನಿ ಎನ್ನಿಸಿಕೊಳ್ಳದ ಬೀಗರಂತೆ ಸಾಲಾಗಿ ಮುಖ ಬಿಗಿದುಕೊಂಡು ನಿಂತವು. ಅವುಗಳ ನಡುವೆ ಅಡ್ಡಡ್ಡ ನುಸುಳಿ ಹೋಗುವವರೆಲ್ಲ ನನಗೆ ಕೈ ಬೀಸುತ್ತಿದ್ದರು, ಬೆರಳುಗಳನ್ನು ಚೆನ್ನಾಗಿ ಅಗಲಿಸಿ.

ನಗೆಯನ್ನಾದರೂ ನುಂಗಬಹುದಿತ್ತು. ಚಳಿಗೆ ಮಾವನ ಮಂಡಿಗಳು ಹಿಡಿದುಕೊಂಡವು. ಅವರ ದೊಡ್ಡ ಮಗಳು, ನನ್ನ ಹೆಂಡತಿಯ ಅಕ್ಕ, ಫೋನು ಮಾಡಿ, ಇಲ್ಲಿ ಬೆಚ್ಚಗಿದೆ, ಹೊರಟು ಬನ್ನಿ ಅಂದಳು. ಅವಳ ಊರಿಗೆ ಎರಡು ರೈಲು, ಒಂದು ಬಸ್ಸು. ಮಾವ ಅಟ್ಟದಿಂದ ಚೀಲ ಇಳಿಸಿದರು. ನನ್ನ ಹೆಂಡತಿ ಅಡುಗೆಮನೆಯಲ್ಲಿ ಎರಡು ಸ್ವೆಟರಿನೊಳಗಿಂದ ಮೆಲ್ಲಗೆ ಹೇಳಿದಳು: "ಈಗ ಹೋದ್ರೆ ಅಪ್ಪ ಮತ್ತೆ ಬರಲ್ಲ ರೀ. ಅವರನ್ನ ಕಳಿಸಿದ್ದು ಚಳಿ ಅಲ್ಲ, ನಿಮ್ಮ ಕೈ ಅಂತ ನಾನು ಸಾಯೋವರೆಗೂ ಹೇಳ್ತೀನಿ."

ಹೊರಡುವ ಹಿಂದಿನ ದಿನ ಮಾವ ಪಕ್ಕದ ಮನೆಯ ಖಾಲಿ ಕಪಾಟಿನ ಮುಂದೆ ಕಾಲು ಚಾಚಿ ಕೂತಿದ್ದರು. ಬಟ್ಟೆ ಗಿಡ್ಡವಾದರೆ ದರ್ಜಿ ಮೊದಲು ನೋಡುವುದು ಮಡಿಚಿ ಹೊಲಿದ ಅಂಚನ್ನಂತೆ; ಬಿಚ್ಚಿದರೆ ಎರಡಿಂಚು ಸಿಕ್ಕೇ ಸಿಗುತ್ತದಂತೆ. ಕಪಾಟಿಗೂ ಎಲ್ಲಾದರೂ ಮಡಿಕೆ ಇರಬೇಕೆಂದು ಬೆರಳ ಗೆಣ್ಣಿನಿಂದ ತಳವನ್ನು ತಟ್ಟಿದರು. ಟೊಳ್ಳು ಸದ್ದು ಬಂತು. ಫಿಟ್ಟರಮ್ಮನನ್ನು ಕರೆಸಿ ಹಲಗೆ ಎಬ್ಬಿಸಿದರೆ, ಹಿಂದಿನ ಕಾಲದ ನೀರಿನ ತೊಟ್ಟಿಗೆಂದು ಕಟ್ಟಿದ ಹುಸಿ ನೆಲ! ಕೆಳಗೆ ನಾಲ್ಕಿಂಚು ಬರೀ ಗಾಳಿ. ಅದನ್ನು ತೆಗೆದರೆ ಎತ್ತರದ ಪಂಪು ಒಂದಿಂಚು ಉಳಿಸಿ ಒಳಗೆ ಕೂರುತ್ತಿತ್ತು.

"ತಾತ, ಎಲ್ಲ ಮನೇದೂ ನೀವೇ ಅಳೆದು ಕೊಡಿ. ಬೇರೆ ಯಾರ ಕೈಯನ್ನೂ ನಾನು ನಂಬಲ್ಲ" ಎಂದರು ಫಿಟ್ಟರಮ್ಮ, ನನ್ನ ಕಡೆ ನೋಡದೆ.

ಪ್ರಯಾಣ ಮುಂದಕ್ಕೆ ಹೋಯಿತು. ಮಾವ ಮಂಡಿಗೆ ಬಟ್ಟೆ ಸುತ್ತಿಕೊಂಡು ಮನೆಮನೆ ಹತ್ತಿಳಿದರು. ಒಂದೊಂದು ಮನೆಗೆ ಒಂದೊಂದು ಸಲ ಸಾಕಾಯಿತು. ಮೊದಲ ಮಹಡಿಯ ನರ್ಸಮ್ಮನ ಕಪಾಟನ್ನು ಮಾತ್ರ ನಾಲ್ಕು ಸಲ ಅಳೆದರು. ಆಕೆ ನಿವೃತ್ತ ನರ್ಸು, ಒಂಟಿ ಜೀವ. ಗದರಿಸಿದರೆ ಜ್ವರವೇ ಎದ್ದು ಹೋಗಬೇಕು, ಅಂಥ ಗಂಟಲು. ಐವತ್ತು ವರ್ಷ ಒಂದೇ ಸಲಕ್ಕೆ ಅಳತೆ ತೆಗೆದವರಿಗೆ ಈಗ ಕೈ ನಡುಗುತ್ತಿದೆ, ವಯಸ್ಸಾಯಿತು ಎಂದು ನಾನು ಮರುಗಿದೆ. ಹೆಂಡತಿ ನನ್ನನ್ನು ವಿಚಿತ್ರವಾಗಿ ನೋಡಿದಳು.

ಹದಿನೇಳು ಮನೆ ಬೆಚ್ಚಗಾದವು. ಹದಿನೆಂಟನೆಯದು ಮೂರನೆಯ ಮಹಡಿಯ ನಮ್ಮದು. ಹಲಗೆ ಎಬ್ಬಿಸಿದ ಫಿಟ್ಟರಮ್ಮ ತಲೆ ಮೇಲೆ ಕೈಯಿಟ್ಟುಕೊಂಡರು. ಎರಡು ವರ್ಷದ ಹಿಂದೆ ಆ ಸಂದಿಯಿಂದ ಜಿರಲೆ ಬರುತ್ತವೆಂದು ಮೂರು ಚೀಲ ಕಾಂಕ್ರೀಟು ಕಲಸಿ ಸುರಿದ ಮಹಾಪುರುಷ ನಾನೇ. ಕೈಯ ಗೇಣು ಗಿಡ್ಡವಿರಬಹುದು, ಕೈಯ ಕಾಂಕ್ರೀಟು ಮಾತ್ರ ಉಕ್ಕು! ಅದನ್ನು ಒಡೆಯುವ ಯಂತ್ರ ಬರಲು ಹತ್ತು ದಿನ, ಒಡೆಯಲು ಮೂರು ದಿನ.

ಅಷ್ಟರಲ್ಲಿ ನರ್ಸಮ್ಮ ಬಂದು ಬಾಗಿಲಲ್ಲೇ ನಿಂತು ಆಜ್ಞೆ ಹೊರಡಿಸಿದರು. ನಿಮ್ಮ ಮನೆ ಬೆಚ್ಚಗಾಗುವವರೆಗೆ ಇವರು ಹಗಲೆಲ್ಲ ನಮ್ಮಲ್ಲಿ ಕೂರಲಿ, ಮಂಡಿ ಕೆಟ್ಟರೆ ಅದು ನಿಮ್ಮ ತಲೆಗೆ ಎಂದರು. ಮಾವ ಕೊರಳಿನ ಟೇಪು ಸರಿಮಾಡಿಕೊಂಡು ಎದ್ದು ಹೋದರು. ದಿನಾ ಹೋದರು.

"ಅಪ್ಪ ದಿನಾ ಗಡ್ಡ ಬೋಳಿಸ್ಕೊಳ್ತಿದಾರೆ, ನೋಡಿದ್ರಾ?" ಎಂದಳು ಹೆಂಡತಿ.

"ಚಳಿಗೆ ಚರ್ಮ ತುರಿಸುತ್ತೇನೋ" ಎಂದೆ.

"ಹೂಂ. ನೀವು ಹೀಗೇ ಅಳೀತಾ ಇರಿ."

ಕೊನೆಗೂ ಕಾಂಕ್ರೀಟು ಒಡೆದು, ಪಂಪು ಕಪಾಟು ಸೇರಿ, ರೇಡಿಯೇಟರು ಬೆಚ್ಚಗಾಯಿತು. ನಾನು ಗೆದ್ದ ಸೇನಾಪತಿಯಂತೆ ಮೆಟ್ಟಿಲಿಳಿದು ಓಡಿದೆ. ನರ್ಸಮ್ಮನ ಸೋಫಾದಲ್ಲಿ ಮಾವ ಕೂತು ಆಕೆಯ ಪರದೆಗೆ ಅಂಚು ಹೊಲಿಯುತ್ತಿದ್ದರು. ಮನೆ ಕಾದಿದೆ, ಇಪ್ಪತ್ತೆರಡು ಡಿಗ್ರಿ, ಇನ್ನು ಯಾರ ಮನೆಯಲ್ಲೂ ಕೂರುವ ಕರ್ಮವಿಲ್ಲ, ಬನ್ನಿ ಎಂದೆ. ಮಾವ ಸೂಜಿಯನ್ನು ಪರದೆಗೆ ಚುಚ್ಚಿಟ್ಟು, ನರ್ಸಮ್ಮನ ಮುಖ ನೋಡಿ, ನನ್ನ ಹಿಂದೆ ಮೇಲೆ ಬಂದರು.

ಬಂದವರು ಕೂರಲಿಲ್ಲ. ರೇಡಿಯೇಟರಿನ ಮೇಲೆ ಅಂಗೈಯಿಟ್ಟು, ಚೆನ್ನಾಗಿದೆ ಎಂದು ತಲೆದೂಗಿ, ಒಳಗೆ ಹೋಗಿ ಚೀಲ ಹಿಡಿದುಕೊಂಡು ಬಂದರು. ಅಂಗಿಗಳೆಲ್ಲ ಆಗಲೇ ಇಸ್ತ್ರಿಯಾಗಿ ಅದರೊಳಗಿದ್ದವು. ನನ್ನ ಹೆಂಡತಿಯ ಕೈಮಡಿಕೆ ನನಗೆ ಗೊತ್ತು. ಅಕ್ಕನ ಊರಿಗೆ ಈಗ್ಯಾಕೆ ಎಂದು ನಾನು ಗಾಬರಿಯಾದೆ.

"ಅಕ್ಕನ ಊರಿಗಲ್ಲ ರೀ, ಎರಡು ಮಹಡಿ ಕೆಳಗೆ" ಎಂದಳು ಹೆಂಡತಿ. ಕಣ್ಣು ಒರೆಸಿಕೊಳ್ಳುತ್ತಲೇ ನಗುತ್ತಿದ್ದಳು. "ಸೋಮವಾರ ರಿಜಿಸ್ಟ್ರಾರ್ ಆಫೀಸು. ಸಾಕ್ಷಿ ಸಹಿ ನಿಮ್ಮದೇ."

ಮಾವ ಬಾಗಿಲಲ್ಲಿ ನಿಂತು, ಮೊದಲ ಬಾರಿಗೆ ನನ್ನ ಭುಜ ಬಿಟ್ಟು ಮುಖ ನೋಡಿದರು.

"ಐವತ್ತು ವರ್ಷ ಊರಿಗೆಲ್ಲ ಅಳತೆ ತೆಗೆದು ಹೊಲಿದೆ, ಅಳಿಯಂದ್ರೇ. ನನಗೆ ಅಂತ ಸರಿಯಾಗಿ ಕೂತಿದ್ದು ನಿಮ್ಮ ತಪ್ಪು ಅಳತೆ ಒಂದೇ."

ಚೀಲವನ್ನು ನನ್ನ ಕೈಗೆ ಕೊಡದೆ ತಾವೇ ಹೆಗಲಿಗೇರಿಸಿಕೊಂಡರು. ಮಂಡಿಯ ಬಟ್ಟೆ ಬಿಚ್ಚಿ ಜೇಬಿಗಿಟ್ಟುಕೊಂಡು, ಕಂಬಿ ಹಿಡಿಯದೆ ಮೆಟ್ಟಿಲಿಳಿದು ಹೋದರು.