ಫಿನ್‌ಲೆಂಡ್ ಕರೆಯಲಿಲ್ಲ

ಓದಿದವರ ಮೇಲೆ ನನಗೆ ಸಿಟ್ಟಿಲ್ಲ. ಒಂದು ಮಾತಿನಲ್ಲಿ ಮುಗಿಯುವುದನ್ನು ಅವರು ಹತ್ತು ಮಾತು ಮಾಡುತ್ತಾರಲ್ಲ, ಅದರ ಮೇಲೆ ಸಿಟ್ಟು. ನಾನು ಒಂಬತ್ತನೆಯ ಇಯತ್ತೆಗೆ ಸಾಲಿ ಬಿಟ್ಟವನು. ಬಿಟ್ಟಾಗ ಯಾರೂ ಅಳಲಿಲ್ಲ, ಮಾಸ್ತರರಂತೂ ಅವತ್ತು ಬಹಳ ಪ್ರೀತಿಯಿಂದ ಮಾತಾಡಿಸಿದರು. ಈಗ ಹಳೇ ಹುಬ್ಬಳ್ಳಿಯ ಒಂದು ಓಣಿಯಲ್ಲಿ ನನ್ನ ಚಾದರದ ಅಂಗಡಿ ಇದೆ. ಗಿರಾಕಿ ಬಂದರೆ ಚಾದರ ಬಿಚ್ಚಿ ತೋರಿಸುತ್ತೇನೆ. ಬೇಕಾದರೆ ಒಯ್ಯುತ್ತಾರೆ, ಬೇಡವಾದರೆ ಮಡಚಿ ಇಡುತ್ತೇನೆ. ಇದನ್ನೇ ದೇಶ ದಾಟಿ ಮಾಡಿದರೆ ಅದಕ್ಕೆ ಅಂತರರಾಷ್ಟ್ರೀಯ ವ್ಯವಹಾರ ಎಂದು ಹೆಸರು, ಒಂದು ಡಿಗ್ರಿ ಆದ ಮೇಲೆ ಮತ್ತೊಂದು ಡಿಗ್ರಿಗೆ ಅದನ್ನು ಕಲಿಸುತ್ತಾರೆ ಎಂದು ನನಗೆ ಗೊತ್ತಾದದ್ದು ಮದುವೆಯಾದ ಮೇಲೆ. ನನ್ನ ಹೆಂಡತಿ ಶಿವಲೀಲಾ ಓದುತ್ತಿದ್ದದ್ದು ಅದನ್ನೇ.

ಇಷ್ಟು ಓದಿದ ಹುಡುಗಿ ನನ್ನನ್ನು ಹೇಗೆ ಒಪ್ಪಿದಳು ಎಂದು ಬೀಗರು, ನೆರೆಯವರು ಎಲ್ಲರೂ ಕೇಳುತ್ತಾರೆ. ನಾನೂ ಒಮ್ಮೆ ಕೇಳಿದ್ದೆ. "ನೋಡಾಕ ಬಂದವ್ರೆಲ್ಲಾ ಓದಿದ್ದು ಸಾಕು ಅಂದ್ರು. ನೀವು ಉಪ್ಪಿಟ್ಟು ಸಾಕು ಅಂದ್ರಿ, ಅಷ್ಟ" ಎಂದಳು.

ಅವಳಿಗೆ ಎಲ್ಲ ವಿಷಯ ಸಲೀಸು. ಚೌಕಾಸಿ ಮಾಡುವ ಒಂದು ವಿಷಯ ಮಾತ್ರ ಕೈಕೊಟ್ಟಿತ್ತು. ಬಾಯಿಪಾಠ ಬರುತ್ತಿತ್ತು, ಎದುರಿಗೆ ಮನುಷ್ಯ ಕೂತರೆ ಬಾಯಿ ಕಟ್ಟುತ್ತಿತ್ತು. ಒಮ್ಮೆ ಅದರಲ್ಲಿ ನಪಾಸಾಗಿದ್ದಳು. ಈ ಸಲ ಕಾಲೇಜಿನವರು ಪರೀಕ್ಷೆಯನ್ನು ಇನ್ನೂ ಗಟ್ಟಿ ಮಾಡಿದ್ದರು. ಫಿನ್‌ಲೆಂಡ್ ಎಂಬ ಚಳಿ ದೇಶದ ಕಾಲೇಜಿನ ಒಬ್ಬ ಹುಡುಗ ಕೊಳ್ಳುವವ, ಇವಳು ಮಾರುವವಳು. ಮಾಲು ಒಣಮೆಣಸಿನಕಾಯಿ. ಮನೆಯಲ್ಲೇ ಕೂತು ಕಂಪ್ಯೂಟರ್‌ನಲ್ಲಿ ಮುಖ ನೋಡಿಕೊಂಡು ದರ ಕುದುರಿಸಬೇಕು, ಮೇಡಂ ಒಬ್ಬರು ಮರೆಯಲ್ಲಿ ಕೂತು ಕೇಳಿ ಮಾರ್ಕು ಹಾಕುತ್ತಾರೆ. ದರ ಕುದುರದಿದ್ದರೆ ಮತ್ತೆ ನಪಾಸು.

"ಈ ಸಲ ಹೋತಂದ್ರ ಓದು ಬಿಟ್ಟಬಿಡ್ತೇನ್ರಿ. ಅಂಗಡ್ಯಾಗ ನಿಮ್ಮ ಜೋಡಿ ಚಾದರ ಮಡಚಕೋತ ಕುಂದರತೇನಿ" ಎಂದಳು. ಅವಳು ಚಾದರ ಮಡಚುವುದನ್ನು ನಾನು ನೋಡಿದ್ದೇನೆ. ಇವಳು ಪಾಸಾಗಲೇಬೇಕು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ.

ಅಲ್ಲಿಂದ ಶುರುವಾಯಿತು ನನ್ನ ಫಜೀತಿ. ಅಂಗಡಿ ಬಾಗಿಲು ಹಾಕಿ ಬೆಂಗೇರಿಯ ಮನೆಗೆ ಬಂದರೆ ಬಾಗಿಲಲ್ಲೇ "ಇವತ್ತ ನೀವು ಜರ್ಮನಿ" ಎನ್ನುತ್ತಿದ್ದಳು. ಮರುದಿನ ಜಪಾನು. ನಾನು ಕೈಕಾಲು ತೊಳೆದುಕೊಂಡು ಪರದೇಶದವನಾಗಿ ಕೂರಬೇಕು, ಅವಳು ಮೆಣಸಿನಕಾಯಿ ಮಾರಬೇಕು. ನನಗೆ ಹೊಟ್ಟೆ ಹಸಿದಿರುತ್ತಿತ್ತು, ಅವಳು ಹೇಳಿದ ಮೊದಲ ದರಕ್ಕೇ ಹೂಂ ಎಂದುಬಿಡುತ್ತಿದ್ದೆ.

"ಜಪಾನಿನವ್ರು ಹಂಗ ಲಗೂ ಒಪ್ಪಂಗಿಲ್ರಿ" ಎಂದು ಸಿಡುಕುತ್ತಿದ್ದಳು.

"ಜಪಾನಿಗೆ ಬದನಿಕಾಯಿ ಪಲ್ಲೆ ಈಗ ಹಾಕ್ಲ್ಯೋ, ಆಮ್ಯಾಲ ಹಾಕ್ಲ್ಯೋ?" ಎಂದು ಅವ್ವ ಒಳಗಿನಿಂದ ಕೇಳುತ್ತಿದ್ದಳು.

ಕೊನೆಗೆ ತಾಳಲಾರದೆ ನಮ್ಮ ಓಣಿಯ ವಿದ್ಯೆ ಹೇಳಿಕೊಟ್ಟೆ. ನಮ್ಮಲ್ಲಿ ಚೌಕಾಸಿ ಎಂದರೆ ಎದ್ದು ಹೋಗುವುದು. ಗಿರಾಕಿ ಎದ್ದು ಚಪ್ಪಲಿ ಹಾಕಿಕೊಳ್ಳುತ್ತಾನೆ. ಅಂಗಡಿಯವ ಕಂಡೂ ಕಾಣದವನ ಹಾಗೆ ಚಾದರ ಮಡಚುತ್ತಾನೆ. ಗಿರಾಕಿ ನಡೆಯುತ್ತಾನೆ, ಕೂಗಿದರೆ ಕೇಳಿಸುವಷ್ಟು ನಿಧಾನವಾಗಿ. ಪಕ್ಕದ ಅಂಗಡಿ ದಾಟುವುದರೊಳಗೆ "ಬರ್ರಿ, ಬರ್ರಿ, ಸಿಟ್ಟಾಗಬ್ಯಾಡ್ರಿ" ಎಂದು ಕರೆ ಬರಲೇಬೇಕು. ಕರೆಯದ ಅಂಗಡಿಯವನಿಗೆ ರೀತಿ ಗೊತ್ತಿಲ್ಲ, ಕರೆದರೂ ಬರದ ಗಿರಾಕಿ ಮನುಷ್ಯನೇ ಅಲ್ಲ.

"ಆದ್ರ ಮಾರಾಕಿ ನಾನು. ಎದ್ದು ಹೋಗಾವ ಗಿರಾಕಿ ಅಲ್ಲೇನ್ರಿ?" ಎಂದಳು ಶಿವಲೀಲಾ.

"ಯಾರು ಎದ್ರೇನು? ಎದ್ದವ್ರನ್ನ ಕುಂತವ್ರು ಕರೀಬೇಕು. ಅಂವ ದರ ಏರಿಸಲಿಲ್ಲಂದ್ರ ಎದ್ದ ಬಿಡು" ಎಂದೆ.

ಪರೀಕ್ಷೆಯ ದಿನ ಮಧ್ಯಾಹ್ನ ನಾನು ಅಂಗಡಿ ಬಾಗಿಲು ಹಾಕಿ ಬಂದು ಪಡಸಾಲೆಯ ಬಾಗಿಲ ಸಂದಿಯಲ್ಲಿ ನಿಂತೆ. ಪರದೆಯ ಮೇಲೆ ಹಳದಿ ಗಡ್ಡದ ಹುಡುಗ, ಮಿಕಾ ಅಂತ ಹೆಸರು. ಮೂಲೆಯ ಕರಿ ಚೌಕದಲ್ಲಿ ಮೇಡಂ. ಇಂಗ್ಲಿಷಿನಲ್ಲಿ ಮಾತು ನಡೆಯಿತು. ನನಗೆ ಇಂಗ್ಲಿಷ್ ಬಾರದಿದ್ದರೂ ಚೌಕಾಸಿ ತಿಳಿಯುತ್ತದೆ. ಇವಳು ಹೇಳಿದಳು, ಅವನು ತಲೆ ಅಲ್ಲಾಡಿಸಿದ. ಇವಳು ಸ್ವಲ್ಪ ಇಳಿದಳು, ಅವನು ಮತ್ತೆ ಅಲ್ಲಾಡಿಸಿದ. ಶಿವಲೀಲಾ ಬಾಗಿಲ ಕಡೆ ಒಮ್ಮೆ ನೋಡಿದಳು. ನಾನು ಕೈಯಿಂದ 'ಏಳು' ಎಂದೆ. ಎದ್ದಳು, ಸೆರಗು ಸರಿಮಾಡಿಕೊಂಡಳು, ಗಂಭೀರವಾಗಿ ನಡೆದು ಬಂದು ನನ್ನ ಪಕ್ಕ ನಿಂತಳು.

ಪರದೆಯ ಮುಂದೆ ಖಾಲಿ ಕುರ್ಚಿ. ಮಿಕಾ ಆ ಕುರ್ಚಿಯನ್ನು ನೋಡುತ್ತ ಕೂತ. ಕರೆಯಲಿಲ್ಲ. ಕೆಮ್ಮಲೂ ಇಲ್ಲ. ಬಸ್ಸಿಗೆ ಕಾಯುವವನ ಹಾಗೆ ಆರಾಮಾಗಿ ಕೂತಿದ್ದ.

"ಕರೀವಲ್ಲಲ್ರಿ" ಎಂದು ಇವಳು ಪಿಸುಗುಟ್ಟಿದಳು.

"ಕರೀತಾನ ತಡಿ."

"ಎಲ್ಲಿ ಕರೀತಾನ್ರಿ? ನೀರು ಕುಡಿಯಾಕತ್ತಾನ."

ಖರೇನೇ, ಅವನು ಲೋಟ ಎತ್ತಿ ನೀರು ಕುಡಿದು ಮತ್ತೆ ಕುರ್ಚಿ ನೋಡತೊಡಗಿದ. ಇವಳ ಕಣ್ಣಲ್ಲಿ ನೀರು ತುಂಬಿತು. ನಾನು ಹೇಳಿಕೊಟ್ಟ ವಿದ್ಯೆಯಿಂದಲೇ ಇವಳ ಓದು ಮುಳುಗುತ್ತಿತ್ತು. ಇವಳು ತಾನಾಗಿ ಹೋಗಿ ಕೂರಲಿ ಎಂದರೆ ಕರೆಯದೆ ಹೇಗೆ ಹೋಗುವುದು? ಯಾರಾದರೂ ಕರೆಯಲೇಬೇಕಿತ್ತು. ಯಾರೂ ಕರೆಯಲಿಲ್ಲವೆಂದು ನಾನೇ ಪರದೆಯ ಮುಂದೆ ಹೋಗಿ ನಿಂತೆ.

"ತಮ್ಮಾ, ಹೆಣ್ಮಗಳು ಎದ್ದು ಹೋದ್ರ ಹಿಂಗ ಸುಮ್ಮನ ಕುಂದರತಾರೇನು? ಕರಿ ಅಕೀನ್ನ. ನೀ ಕರಿಯಂಗಿಲ್ಲಂದ್ರ ನಾ ಕರೀತೇನಿ. ಬಾರವಾ ಶಿವಲೀಲಾ, ಸಿಟ್ಟಾಗಬ್ಯಾಡ, ಕೂಡು" ಎಂದೆ.

ಅಷ್ಟರಲ್ಲಿ ಅವ್ವ ಚಹಾದ ಕಪ್ಪು ಹಿಡಿದು ಬಂದು ಪರದೆಯನ್ನು ಬಗ್ಗಿ ನೋಡಿದಳು. "ಅಯ್ಯ, ಬರೇ ನೀರು ಕುಡದು ಕುಂತೈತಲ್ಲೋ ಕೂಸು. ಚಹಾ ಆಗೇತೇನು ಕೇಳ್ರಿ" ಎಂದಳು.

ಶಿವಲೀಲಾ ಬಂದು ಕೂತಳು. ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ನಮ್ಮ ಓಣಿಯ ಪದ್ಧತಿಯನ್ನೆಲ್ಲ ಅವನಿಗೆ ಬಿಡಿಸಿ ಹೇಳಿದಳು. ಅವನೂ ನಕ್ಕ. ಅವರ ಊರಲ್ಲಿ ಎದ್ದು ಹೋದವರನ್ನು ಕರೆಯುವುದು ಅವಮಾನವಂತೆ, ಯೋಚನೆ ಮಾಡಲು ಹೋಗಿದ್ದಾರೆ ಎಂದು ಮರ್ಯಾದೆಯಿಂದ ಕಾಯುತ್ತಾರಂತೆ. ನಾನು ಬಂದಾಗ ಕಂಪನಿಯ ಯಜಮಾನ ಎಂದುಕೊಂಡನಂತೆ, ಅವ್ವ ಬಂದಾಗ ಯಜಮಾನನಿಗಿಂತ ದೊಡ್ಡವರು ಎಂದುಕೊಂಡನಂತೆ. ಆಮೇಲೆ ಇವಳ ಬಾಯಿ ಕಟ್ಟಲೇ ಇಲ್ಲ. ಅರಳು ಹುರಿದ ಹಾಗೆ ಮಾತಾಡಿದಳು. ದರ ನಡುವೆ ಎಲ್ಲೋ ಕೂತಿತು. ಪಾಸಾದಳು, ಮುಂದೆ ಡಿಗ್ರಿಯೂ ಮುಗಿಯಿತು. ಬರುವ ವರ್ಷ ಇದನ್ನು ಪಾಠದಲ್ಲಿ ಹೇಳುತ್ತೇನೆ ಎಂದರಂತೆ ಮೇಡಂ. ನನ್ನ ಹೆಸರು ಹೇಳಬೇಡಿ ಎಂದು ತಿಳಿಸಿದ್ದೇನೆ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಸುಖಿ. ಮೊನ್ನೆ ಶಿವಲೀಲಾ, ನಮ್ಮ ಚಾದರವನ್ನು ಪರದೇಶಕ್ಕೆ ಮಾರುತ್ತೇನೆ, ಚಾದರ ತೂಗುಹಾಕಿ ಕಂಪ್ಯೂಟರ್‌ನಲ್ಲಿ ತೋರಿಸಲು ಅಂಗಡಿಯ ಅರ್ಧ ಗೋಡೆ ಬೇಕು ಎಂದಳು. ಆಗಂಗಿಲ್ಲ ಎಂದೆ. ಅವಳು ಎದ್ದು, ಚೀಲ ತಗೊಂಡು, ಚಪ್ಪಲಿ ಮೆಟ್ಟಿ ಗೇಟಿನ ಕಡೆ ನಡೆದಳು. ನನ್ನ ವಿದ್ಯೆ ನನ್ನ ಮೇಲೇ. ನಾನು ಮಿಕಾನನ್ನು ನೆನೆಸಿಕೊಂಡು, ಲೋಟ ಎತ್ತಿ ನೀರು ಕುಡಿದೆ. ಗೇಟಿನ ಚಿಲಕ ಸಪ್ಪಳಾಯಿತು. ಹುಬ್ಬಳ್ಳಿಯಲ್ಲಿ ಹುಟ್ಟಿದವನು ಎಷ್ಟು ಹೊತ್ತು ಫಿನ್‌ಲೆಂಡ್ ಆಗಿರಲಿಕ್ಕಾಗುತ್ತದೆ?

"ಬಾರವಾ, ಸಿಟ್ಟಾಗಬ್ಯಾಡ. ಅರ್ಧ ಗೋಡಿ ತಗೊ" ಎಂದು ಕೂಗಿದೆ.

ತಿರುಗಿ ನೋಡಿದಳು. "ಸಿಟ್ಟ್ಯಾಕ್ರಿ? ಕಾಯಿಪಲ್ಲೆ ತರಾಕ ಹೊಂಟಿದ್ದೆ" ಎಂದಳು. ಆಮೇಲೆ ಸ್ವಲ್ಪ ಯೋಚಿಸಿ, ಬಂದು ಕೂತಳು. "ಕರದೀರಿ, ಬಂದೆ. ಈಗ ಪೂರ್ತಿ ಗೋಡಿ ಮಾತಾಡೂಣು."

ಪೂರ್ತಿ ಗೋಡೆ ಹೋಯಿತು. ಚೀಲ ನನ್ನ ಕೈಗೆ ಬಂತು. ಸಂತೆಯಲ್ಲಿ ಬದನೆಕಾಯಿಯವಳ ಮುಂದೆ ಕೂತಾಗ ಎದ್ದು ಹೋಗುವ ಧೈರ್ಯವಾಗಲಿಲ್ಲ. ಆಕೆ ಹೇಳಿದ ದರವನ್ನೇ ಕೊಟ್ಟು ಬಂದೆ.