ಇಂಜಿನ್ನಿಗೆ ಕಾರಹುಣ್ಣಿಮೆ ಮಾಡಿದ್ದು

ಇಂಜಿನ್ ಸ್ವಚ್ಛ ಮಾಡುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಹುಮನಾಬಾದ್ ಸೀಮೆಯಲ್ಲಿ ಇರಲಾರರು. ಒಂದೇ ಸಲ ಮಾಡಿದ್ದೇನೆ. ಅಷ್ಟಕ್ಕೇ ಹೆಸರಾಯಿತು.

ನಿಜಾಮನ ಮೇಲೆ ಪೊಲೀಸ್ ಆ್ಯಕ್ಷನ್ ಆದ ಮರುವರ್ಷದ ಮಾತು. ಬಸವಕಲ್ಯಾಣಕ್ಕೆ ಆಗಿನ್ನೂ ಬರೀ ಕಲ್ಯಾಣ ಎನ್ನುತ್ತಿದ್ದರು. ಹುಮನಾಬಾದಿನಿಂದ ಆ ಕಡೆ ಹೋಗುವ ದಾರಿಯಲ್ಲೇ ನಮ್ಮ ಊರು, ತೋಟ. ಬಾವಿಯಿಂದ ನೀರೆತ್ತುವ ಕಪಿಲೆ ಎಳೆಯುತ್ತಿದ್ದ ಜೋಡೆತ್ತುಗಳನ್ನು ಮಾರಿ ನಾನು ಸೊಲ್ಲಾಪುರದಿಂದ ಸೀಮೆಎಣ್ಣೆಯ ಸಣ್ಣ ಇಂಜಿನ್ ತಂದೆ. ಎತ್ತು ಹೋದ ದಿನ ನನ್ನ ಹೆಂಡತಿ ಗಂಗಮ್ಮ ಒಲೆ ಹೊತ್ತಿಸಲಿಲ್ಲ. ಹೆಂಗಸರಿಗೆ ಹೊಸ ಕಾಲ ತಿಳಿಯುವುದಿಲ್ಲವೆಂದು ನಾನು ಹಸಿದುಕೊಂಡೇ ಕ್ಷಮಿಸಿದೆ. ಇಂಜಿನ್ ಮಾರಿದ ಅಂಗಡಿಯವ ಎರಡೇ ಮಾತು ಹೇಳಿದ್ದ: ಸ್ವಚ್ಛ ಇಡಿ, ಎಣ್ಣೆ ಹಾಕುತ್ತಿರಿ. ಇಷ್ಟು ಮಾಡಲು ಬಾರದವನು ಮನುಷ್ಯನೇ?

ಎತ್ತುಗಳ ಹಬ್ಬ ಕಾರಹುಣ್ಣಿಮೆ ಬಂತು. ಮಳೆ ಬಂದಿರಲಿಲ್ಲ. ಸೀಮೆಎಣ್ಣೆ ಸಿಗದೆ ಇಂಜಿನ್ ಐದು ದಿನ ಸುಮ್ಮನೆ ಕುಳಿತಿತ್ತು; ಹಬ್ಬದ ಹಿಂದಿನ ರಾತ್ರಿಯಷ್ಟೇ ಒಂದು ಡಬ್ಬಿ ಸಿಕ್ಕಿತ್ತು. ಮೇಲಿನ ಮಡಿಯ ಎಳೆ ಕಬ್ಬಿನ ಗರಿ ಸುರುಟಿಕೊಂಡಿದ್ದವು. ಆ ದಿನ ನೀರು ಬೀಳದಿದ್ದರೆ ಮಡಿ ಕೈಬಿಟ್ಟಂತೆಯೇ.

ಊರವರೆಲ್ಲ ಹಳ್ಳದಲ್ಲಿ ಎತ್ತು ತೊಳೆಯುತ್ತಿದ್ದರು. ಗಂಗಮ್ಮ ಖಾಲಿ ಕೊಟ್ಟಿಗೆಯ ಮುಂದೆ ನಿಂತಿದ್ದಳು. ನಾನು ಅವಳ ಬಳಿಗೆ ಹೋದೆ.

“ಯಾಕ ಮಾರಿ ಸಣ್ಣ ಮಾಡೀದಿ? ಈಗ ನಮ್ಮ ಎತ್ತು ಅಂದ್ರ ಇಂಜನ್ನೇ ಅದ. ಅದಕ್ಕ ಹುಣ್ಣಿವಿ ಮಾಡ್ತೀನಿ ನೋಡು” ಎಂದೆ.

“ಹುಣ್ಣಿವಿ ಆಮ್ಯಾಲ ಮಾಡ್ರಿ. ಮದಲ ಕಬ್ಬಿಗಿ ನೀರು ಬಿಡ್ರಿ, ಒಣಗಾಕತ್ತದ.”

“ಮೈ ತೊಳದ್ರ ಇನ್ನೂ ಜೋರ ಓಡ್ತದ.”

ಎರಡು ಕೊಡ ನೀರನ್ನು ಇಂಜಿನ್ನಿನ ನೆತ್ತಿಯ ಮೇಲಿಂದ ಸುರಿದೆ. ಹುಲ್ಲಿನಿಂದ ಗಸಗಸ ಉಜ್ಜಿದೆ. ಕಿಡಿ ಹುಟ್ಟಿಸುವ ಪೆಟ್ಟಿಗೆಯ ಸಂದಿಯಲ್ಲಿ ಧೂಳು ಕಂಡಿತು. ಮುಚ್ಚಳ ಬಿಚ್ಚಿ ಒಳಗೂ ಒಂದು ತಂಬಿಗೆ ಹೊಯ್ದೆ. ಅರೆಬರೆ ಕೆಲಸ ನನಗಾಗದು. ಎತ್ತಿಗೆ ಬಳಿದಂತೆ ಬಣ್ಣ ಬಳಿಯಲು ಕೋಡು ಇಲ್ಲದ್ದರಿಂದ ಹೊಗೆಕೊಳವೆಗೆ ಕೆಂಪು ಹುರಮಂಜು ಬಳಿದೆ. ಪಂಪು ತಿರುಗಿಸುವ ತೊಗಲಿನ ಪಟ್ಟಾ ಒಣಗಿದಂತೆ ಕಂಡಿತು, ಔಡಲೆಣ್ಣೆ ತಿಕ್ಕಿದೆ.

ಇನ್ನು ಉಳಿದದ್ದು ಗೊಟ್ಟ. ಶಕ್ತಿ ಬರಲೆಂದು ಆ ದಿನ ಎತ್ತಿನ ಬಾಯಿಗೆ ಬಿದಿರಿನ ಗೊಟ್ಟದಿಂದ ಎಣ್ಣೆ ಹೊಯ್ಯುವುದು ನಮ್ಮಲ್ಲಿ ರೂಢಿ. ಅಂಗಡಿಯವನೂ ಎಣ್ಣೆ ಹಾಕಿ ಎಂದಿದ್ದನಲ್ಲ! ಮನೆಯ ಕುಸುಬಿ, ಗಾಣದ ಎಣ್ಣೆ. ಎದುರಿಗೆ ಕಂಡ ಮುಚ್ಚಳ ತೆಗೆದು ಗೊಟ್ಟದ ತುಂಬ ಕುಡಿಸಿದೆ. ಅದು ಸೀಮೆಎಣ್ಣೆಯ ಟಾಕಿ ಎಂಬುದು ಹಬ್ಬದ ಸಡಗರದಲ್ಲಿ ನೆನಪಾಗಲಿಲ್ಲ.

ಹ್ಯಾಂಡಲ್ ತಿರುವಿದೆ. ಮತ್ತೆ ತಿರುವಿದೆ. ಭುಜ ಕಳಚುವಷ್ಟು ತಿರುವಿದೆ. ಇಂಜಿನ್ ಮದುಮಗನಂತೆ ಬಣ್ಣ ಹಚ್ಚಿಕೊಂಡು ಸುಮ್ಮನೆ ಕುಳಿತಿತ್ತು.

ಕೊನೆಗೆ ಹುಮನಾಬಾದಿಗೆ ಓಡಿ ಮಿಸ್ತ್ರಿ ಲಾಲಸಾಬರನ್ನು ಕರೆತಂದೆ. ಅವರು ಕಿಡಿಪೆಟ್ಟಿಗೆಯನ್ನು ಒರೆಸಿ ಒಣಗಿಸಿ ಹ್ಯಾಂಡಲ್ ತಿರುವಿದರು. ಇಂಜಿನ್ ಒಮ್ಮೆ ಕೆಮ್ಮಿ, ದಟ್ಟ ಹೊಗೆ ಬಿಟ್ಟು ನಿಂತಿತು. ಲಾಲಸಾಬರು ಗಾಳಿ ಮೂಸಿ ನೋಡಿದರು.

“ಗೌಡ್ರ, ಹತ್ತರ ಎಲ್ಲರೆ ಭಜಿ ಕರಿಯಾಕತ್ತಾರೇನ್ರಿ?”

ನಾನು ಆಕಾಶ ನೋಡಿದೆ. ಗಂಗಮ್ಮ ಹೇಳಿಯೇ ಬಿಟ್ಟಳು: “ಅದಕ್ಕ ಕುಸಬಿ ಎಣ್ಣಿ ಕುಡಿಸ್ಯಾರ್ರಿ.”

ಲಾಲಸಾಬರು ನಗಲಿಲ್ಲ. ಪಟ್ಟಾ ಮುಟ್ಟಿ ನೋಡಿದರು. “ಇದಕ್ಕೂ ಹಚ್ಚೀರಿ?”

“ಮೆತ್ತಗಿರ್ಲಿ ಅಂತ ಹಚ್ಚೀನ್ರಿ.”

“ಮೆತ್ತಗ ಜಾರ್ತದ್ರಿ ಈಗ. ಪೂರಾ ಬಿಚ್ಚಿ ತೊಳೀಬೇಕು. ಎರಡ ದಿನ ಬೇಕು.”

ಎರಡು ದಿನ! ನೆರೆಯ ಸಿದ್ದಪ್ಪ ಕಾಕಾನ ಮನೆಗೆ ಓಡಿದೆ. ಕಾಕಾ ಎತ್ತಿನ ಕೋಡಿಗೆ ಗೊಂಡೆ ಕಟ್ಟುತ್ತಿದ್ದ.

“ಕಾಕಾ, ಒಂದ ತಾಸು ಎತ್ತು ಕೊಡ್ರಿ. ಕಬ್ಬು ಹೋಗಾಕತ್ತದ.”

“ಇವತ್ತ ಹೆಗಲಿಗಿ ನೊಗ ಹಚ್ಚಬಾರದಪಾ. ನಾಳಿ ಹೊತ್ತು ಹೊಂಟ ಕೂಡ್ಲೆ ಒಯ್ಯಿ.”

ಮತ್ತೆ ನಾಲ್ಕು ಮನೆ ತಿರುಗಿದೆ. ಎಲ್ಲರೂ ಅದನ್ನೇ ಹೇಳಿದರು. ಇಡೀ ಊರಿನಲ್ಲಿ ಆ ದಿನ ದುಡಿಸಬಹುದಾದ ಪ್ರಾಣಿ ಒಂದೇ ಉಳಿದಿತ್ತು. ಅದು ಕೈಯಲ್ಲಿ ರುಮಾಲು ಹಿಡಿದು ಬೆವರು ಒರೆಸಿಕೊಳ್ಳುತ್ತ ತೋಟಕ್ಕೆ ಮರಳಿತು.

ಕಪಿಲೆಯ ಮಿಣಿಹಗ್ಗವನ್ನು ಗಂಗಮ್ಮ ಮಾರಗೊಡದೆ ಇಟ್ಟಿದ್ದಳು. ಅದಕ್ಕೆ ನೀರೆತ್ತುವ ಒಂದು ಸಣ್ಣ ತೊಗಲಬಾನಿ ಕಟ್ಟಿದೆವು. ಬಾವಿಯ ದಂಡೆಯಲ್ಲಿ ಲಾಲಸಾಬರು ಬಾನಿ ಬಗ್ಗಿಸಿ ನೀರು ಸುರಿಯುವುದು, ಮಡಿಯಲ್ಲಿ ಗಂಗಮ್ಮ ನೀರು ತಿರುವುವುದು, ಹಗ್ಗ ಹೆಗಲಿಗೆ ಹಾಕಿಕೊಂಡು ಇಳಿಜಾರಿನಲ್ಲಿ ಎಳೆಯುವುದು ನಾನು. ಹತ್ತು ಬಾನಿಗೆ ಕಣ್ಣು ಕತ್ತಲಿಟ್ಟಿತು. ಎಂಟು ವರ್ಷ ಆ ಎತ್ತಿನ ಜೋಡಿ ಇದೇ ಜಾಗದಲ್ಲಿ ದಿನವೂ ನಡೆದಿತ್ತು. ಅವುಗಳನ್ನು ಮಾರುವ ದಿನ ನಾನು ಬೆನ್ನ ಮೇಲೆ ಒಮ್ಮೆ ಕೈಯನ್ನೂ ಆಡಿಸಿರಲಿಲ್ಲ. ನಿಜವಾಗಿಯೂ ನಾಚಿಕೆಯಾಯಿತು.

“ಸಾವಕಾಶ ಬರ್ರಿ, ಗಡಬಡಿ ಮಾಡಬ್ಯಾಡ್ರಿ” ಎಂದಳು ಗಂಗಮ್ಮ. ಎತ್ತುಗಳ ಜೊತೆ ಅವಳು ಮಾತಾಡುತ್ತಿದ್ದುದು ಇದೇ ದನಿಯಲ್ಲಿ.

ದಾರಿಯಲ್ಲಿ ಊರ ಎತ್ತುಗಳು ಝೂಲು ಹೊದ್ದು ಗೆಜ್ಜೆ ಕಟ್ಟಿಕೊಂಡು ಹೊರಟಿದ್ದವು. ಸಿದ್ದಪ್ಪ ಕಾಕಾನ ಬಿಳಿ ಎತ್ತು ನಿಂತು ನನ್ನನ್ನು ಬಹಳ ಹೊತ್ತು ನೋಡಿತು. ನಾನು ತಲೆ ತಗ್ಗಿಸಿ ಎಳೆದೆ.

ಹೊತ್ತು ಇಳಿಯುವ ಹೊತ್ತಿಗೆ ಮೇಲಿನ ಮಡಿ ನೆನೆಯಿತು. ಕಬ್ಬು ಉಳಿಯಿತು. ನಾನು ಇಳಿಜಾರಿನ ಬುಡದಲ್ಲೇ ಕುಸಿದೆ. ಗಂಗಮ್ಮ ಮನೆಗೆ ಹೋಗಿ ಗಂಗಾಳದಲ್ಲಿ ಹೋಳಿಗೆ ತಂದು ನನ್ನ ಬಾಯಿಗೆ ಹಿಡಿದಳು.

“ನೀವೆಲ್ಲ ಉಂಡ್ರೇನು?” ಎಂದು ಕೇಳಿದೆ.

“ಇಲ್ಲ್ರಿ. ಮದಲ ನೀವು ತಿನ್ರಿ.”

ಕಾರಹುಣ್ಣಿಮೆಯಂದು ಎತ್ತಿಗೆ ಹೋಳಿಗೆ ತಿನ್ನಿಸದೆ ಮನೆಯವರು ಉಣ್ಣುವಂತಿಲ್ಲ. ನಮ್ಮ ಮನೆಯಲ್ಲಿ ಆ ಪದ್ಧತಿ ಆ ವರ್ಷವೂ ತಪ್ಪಲಿಲ್ಲ.